ಹತ್ತರಲ್ಲಿ ಆರು, ಅರವತ್ತರಲ್ಲಿ ಆರು

“ಎಳಿ ತಪ್ಪಿದ ಸೀರಿ ಹತ್ತು, ಅದರಾಗ ಆರು ಗೌರವ್ವನವು,” ಎಂದು ಬನಹಟ್ಟಿಯ ನೇಕಾರರ ಸಂಘದ ಸಭೆಯಲ್ಲಿ, ಸಂಘದ ಲೆಕ್ಕ ಬರೆದು ನೂಲು ಹಂಚುತ್ತಿದ್ದ ನಾನು ಗಟ್ಟಿಯಾಗಿ ಓದಿದಾಗ, ಬಾಗಿಲ ಬಳಿ ನಿಂತಿದ್ದ ಗೌರವ್ವ ಒಳಗೆ ಬಂದು ನನ್ನ ಕಾಗದದ ಮೇಲೆ ಬೆರಳಿಟ್ಟರು.

ನಮ್ಮೂರು ಮುಂಬಯಿ ರಾಜ್ಯದಲ್ಲಿದ್ದ ಕಾಲವದು. ಗಂಡ ತೀರಿದ ಮೇಲೆ ಗೌರವ್ವನವರೇ ಮಗ್ಗಕ್ಕೆ ಕುಳಿತಿದ್ದರು. ಹೆಂಗಸರು ಕಂಡಿಕೆಗೆ ನೂಲು ಸುತ್ತಿಕೊಡಬೇಕು, ನೇಯ್ದರೆ ಎಳೆ ತಪ್ಪುತ್ತದೆ ಎಂಬುದು ಓಣಿಯ ಮಾತು. ಎಣಿಸದೆ ಯಾವ ಮಾತನ್ನೂ ನಂಬದವನೆಂದು ಬೀಗುತ್ತಿದ್ದ ನಾನು, ರೇಷ್ಮೆ ಸೆರಗು ನೇಯುತ್ತಿದ್ದ ಗೌರವ್ವ ಮತ್ತು ಮಲ್ಲಪ್ಪ ಇಬ್ಬರ ಆರು ತಿಂಗಳ ಸೀರೆಗಳನ್ನು ಕೋಷ್ಟಕದಲ್ಲಿ ಬರೆದಿದ್ದೆ. ತಪ್ಪಿದವುಗಳಲ್ಲಿ ಮಲ್ಲಪ್ಪನವು ನಾಲ್ಕೇ. ಇನ್ನು ಮುಂದೆ ಸಂಘದ ರೇಷ್ಮೆ ನೂಲು ಅವನಿಗೊಬ್ಬನಿಗೇ ಎಂದು ಸಭೆ ತೀರ್ಮಾನಿಸಿತು.

“ಅಣ್ಣಾರ, ತಪ್ಪಿದ ಸೀರಿಯೊಳಗ ನನ್ನವೆಷ್ಟು ಅಂತ ನೋಡಿದ್ರಿ. ನನ್ನ ಸೀರಿಯೊಳಗ ತಪ್ಪಿದವೆಷ್ಟು ಅಂತ ಯಾಕ ನೋಡಲಿಲ್ರಿ?”

ಅವರ ಬೆರಳು ನೇಯ್ದ ಒಟ್ಟು ಸೀರೆಗಳ ಅಂಕಣದ ಮೇಲಿತ್ತು. ಗೌರವ್ವ ನೇಯ್ದದ್ದು ಅರವತ್ತು, ತಪ್ಪಿದ್ದು ಹತ್ತಕ್ಕೊಂದು. ಮಲ್ಲಪ್ಪ ನೇಯ್ದದ್ದು ಇಪ್ಪತ್ತು, ತಪ್ಪಿದ್ದು ಐದಕ್ಕೊಂದು. ಓಣಿಯ ಮಾತಿಗೆ ಹೊಂದುವ ಸಂಖ್ಯೆ ಸಿಕ್ಕೊಡನೆ ನಾನು ಲೆಕ್ಕ ನಿಲ್ಲಿಸಿಬಿಟ್ಟಿದ್ದೆ. “ನಾಳೆ ನೋಡೂಣು ತಗೋರಿ,” ಎಂದು ಕಾಗದ ಮಡಚಿದೆ.

ಮರುವಾರ ರೇಷ್ಮೆ ನೂಲು ಅವರ ಮನೆಗೆ ಮರಳುವಂತೆ ಸದ್ದಿಲ್ಲದೆ ಮಾಡಿದೆ. ಆದರೆ ಯಾರೆದುರು ಅವರ ಹೆಸರನ್ನು ಗಟ್ಟಿಯಾಗಿ ಓದಿದ್ದೆನೋ, ಅವರೆದುರು ನನ್ನ ತಪ್ಪನ್ನು ಓದಲಿಲ್ಲ. ಗೌರವ್ವ ಈಗಿಲ್ಲ. ಇಲ್ಲಿಯಾದರೂ ಓದುತ್ತಿದ್ದೇನೆ: ಅರವತ್ತರಲ್ಲಿ ಆರು.