ಟೇಲರ್ ಚಾಚಾರ ಬೆಳಗಿನ ಸೂಜಿ

ಯುಗಾದಿ ಕಳೆದ ಮೊದಲ ಸೋಮವಾರ ಬೆಳಿಗ್ಗೆ, ದಾವಣಗೆರೆ ಎಂ.ಸಿ.ಸಿ. ಬಡಾವಣೆಯ ಕಣ್ಣಿನ ಕ್ಲಿನಿಕ್ಕೊಂದರಲ್ಲಿ ಟೇಲರ್ ಚಾಚಾರ ಮುಚ್ಚಿದ ಬಲರೆಪ್ಪೆಗೆ ಜೆಲ್ ಹಚ್ಚಿದರು. ಗಡ್ಡಕ್ಕೆ ಇಳಿದದ್ದನ್ನು ಅವರ ಹೆಂಡತಿ, ನಮಗೆಲ್ಲ ಚಾಚಿ, ಸೆರಗಿನಿಂದ ಒರೆಸಿದರು.

ಎಡಗಣ್ಣು ಮೂರು ವರ್ಷದ ಹಿಂದೆಯೇ ಹೋಗಿತ್ತು. ಬಲಗಣ್ಣಲ್ಲಿ ಪೊರೆ ಬಲಿತು ಬೆಳ್ಳಗಾಗಿತ್ತು. ಅದನ್ನು ತೆಗೆಸಿದರೆ ಮತ್ತೆ ಹೊಲಿಯಬಹುದೆಂದು ನಂಬಿ ಹರಿಹರದಿಂದ ನನ್ನ ಜೊತೆ ಬಂದಿದ್ದರು. ಪೊರೆ ದಾಟಿ ಒಳಗೇನೂ ಕಾಣದ್ದರಿಂದ ಅಲ್ಟ್ರಾಸೌಂಡ್ ಮಾಡಿಯೇ ನೋಡಬೇಕೆಂದರು ಡಾಕ್ಟರು.

ಹರಿಹರದಲ್ಲಿ ಅವರ ಅಂಗಡಿ ನಮ್ಮ ಮನೆಯೆದುರು. ನಾನು ಪತ್ರಿಕೆಗೆ ಸೇರುವ ಹಿಂದಿನ ದಿನ ಅಪ್ಪನ ಪ್ಯಾಂಟನ್ನು ನನ್ನ ಅಳತೆಗೆ ಇಳಿಸಿ ಕೊಟ್ಟವರು ಅವರು. "ಸೊಂಟದಾಗ ಒಂದಿಂಚು ಒಳಗೆ ಮಡಚೀನಿ. ಪೇಪರ್‌ನೋರು ಕುಂತ ಕುಂತಲ್ಲೇ ದಪ್ಪ ಆಗ್ತಾರ." ಎರಡೇ ವರ್ಷದಲ್ಲಿ ಆ ಇಂಚು ಬೇಕಾಯಿತು.

ಶಟರ್ ಎತ್ತಿದ ಮೇಲೆ ಅವರ ಮೊದಲ ಕೆಲಸ, ಬೀದಿಯ ಬೆಳಕಿಗೆ ಸೂಜಿ ಹಿಡಿದು ಒಂದೇ ಸಲಕ್ಕೆ ದಾರ ಪೋಣಿಸುವುದು. ಏಳೆಂಟು ವರ್ಷದ ಹಿಂದೆ ಶಿಬಿರವೊಂದರಲ್ಲಿ, ಕಣ್ಣಿನ ಒತ್ತಡ ಹೆಚ್ಚಿದೆ, ಇದು ಗ್ಲಾಕೋಮಾ, ದಿನವೂ ಡ್ರಾಪ್ಸ್ ಹಾಕಬೇಕು ಎಂದಿದ್ದರು. ಚಾಚಾ ಮರುದಿನ ನನ್ನೆದುರು ಸೂಜಿ ಪೋಣಿಸಿದರು.

"ನೋಡ್ರಿ ಪೇಪರ್ ಸಾಬ್, ಕುರುಡ ಪೋಣಿಸಿದ್ದು! ಆ ಡಾಕ್ಟ್ರಿಗೆ ಬರ್ತೈತೇನು ಕೇಳ್ರಿ."

ನಾನೂ ನಕ್ಕೆ. ಮೊದಲ ಬಾಟಲಿ ಮುಗಿದ ಮೇಲೆ ಅವರು ಇನ್ನೊಂದು ತರಲಿಲ್ಲ. ಪಕ್ಕದಲ್ಲಿಟ್ಟ ಚಹಾ ಲೋಟ ಕೈತಾಗಿ ಉರುಳತೊಡಗಿತು, ಬಾಗಿಲ ಚೌಕಟ್ಟಿಗೆ ಭುಜ ಬಡಿಯತೊಡಗಿತು. ದಾರ ಮಾತ್ರ ದಿನಾ ಒಂದೇ ಸಲಕ್ಕೆ ಹೋಗುತ್ತಿತ್ತು. ಗ್ಲಾಕೋಮಾ ಸಾಮಾನ್ಯವಾಗಿ ಮೊದಲು ಅಂಚಿನ ನೋಟವನ್ನು ತಿನ್ನುತ್ತದೆ, ನಡುವಿನದನ್ನು ಕೊನೆಯವರೆಗೂ ಬಿಟ್ಟಿರುತ್ತದೆ ಎಂದು ನಾನು ತಿಳಿದದ್ದು ಆ ಸೋಮವಾರ. ಸೂಜಿಗೆ ನಡುವಿನದಷ್ಟೇ ಸಾಕು.

ಡಾಕ್ಟರು ಪರದೆಯ ಮೇಲೆ ಬೆರಳಿಟ್ಟರು. ಕಣ್ಣಿನ ಹಿಂಬದಿಯಲ್ಲಿ, ನರ ಸೇರುವ ಜಾಗದಲ್ಲಿ, ಆಳವಾದ ಹಳ್ಳ ಬಿದ್ದಿತ್ತು. ಅದಕ್ಕೂ ಮೊದಲು ಟಾರ್ಚ್ ಬಿಟ್ಟಾಗ ಚಾಚಾರಿಗೆ ಬೆಳಕೇ ತಿಳಿದಿರಲಿಲ್ಲ.

"ಪೊರೆ ತೆಗೀಬಹುದು ಚಾಚಾ. ಆದ್ರೆ ನರ ಸತ್ತೈತೆ. ಕಾಣಂಗಿಲ್ಲ."

"ಡ್ರಾಪ್ಸ್ ಬಿಡದಂಗೆ ಹಾಕಿದ್ರೆ?" ಚಾಚಿ ಕೇಳಿದರು. ಡಾಕ್ಟರು ಚಾಚಾರ ರೆಪ್ಪೆಯ ಮೇಲಿನ ಜೆಲ್ ಒರೆಸಿದರು.

ಚಾಚಾ ನನ್ನ ಕಡೆ ಎಂದುಕೊಂಡು ಗೋಡೆಗೆ ಹೇಳಿದರು: "ನಡೀರಿ ಸಾಬ್. ಬಸ್ಸು ತಪ್ತೈತೆ."

ಮೊನ್ನೆ ಭಾನುವಾರ ಬೆಳಿಗ್ಗೆ ನಾನು ಹೋದಾಗ ಶಟರ್ ಎತ್ತಿತ್ತು, ಚಾಚಿ ಪಕ್ಕದಲ್ಲಿ ಕೂತಿದ್ದರು. ಚಾಚಾ ದಾರದ ತುದಿಯನ್ನು ನಾಲಿಗೆಯಿಂದ ಒದ್ದೆ ಮಾಡಿ, ಬೀದಿಯ ಕಡೆ ಸೂಜಿ ಎತ್ತಿ ಹಿಡಿದು, ಪೋಣಿಸಿ ಎಳೆದರು.

"ಹೋತೇನು?"

ದಾರ ಸೂಜಿಯ ಪಕ್ಕದಲ್ಲಿತ್ತು.

"ಹೋತ್ರಿ," ಅಂದರು ಚಾಚಿ.