ಹಿಂದಕ್ಕೆ ಮಾತ್ರ ಹೋಗುತ್ತಿದ್ದ ಲಾಂಚು

ಕಳೆದ ವಾರ ಜೇವರ್ಗಿ ಬಸ್ ನಿಲ್ದಾಣದ ಹತ್ತಿರ ಕಬ್ಬು ಹೇರಿದ ಟ್ರ್ಯಾಕ್ಟರೊಂದು ಏರು ಹತ್ತಲಾರದೆ ನಿಂತಿತ್ತು. ಅದರಡಿಯಿಂದ ಸುಟ್ಟ ಕ್ಲಚ್ಚಿನ ವಾಸನೆ ಬಂತು. ಸುತ್ತಲಿದ್ದವರು ಮೂಗು ಮುಚ್ಚಿಕೊಂಡು ದೂರ ಸರಿದರು. ನಾನು ಮಾತ್ರ ಹತ್ತಿರ ಹೋಗಿ ನಿಂತೆ. ಆ ವಾಸನೆ ಎಂದರೆ ನನಗೆ ಮಿಸ್ತ್ರಿ ಕಾಕಾ...

ಕಾಕಾ ಅಫಜಲಪುರದಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡುತ್ತಿದ್ದರು. ಕೆಲಸ ಜೋರು, ಮಾತು ಅದಕ್ಕಿಂತ ಜೋರು. ಅವರು ಮುಟ್ಟಿದ ಗಾಡಿ ಓಡಿದರೆ ಅದು ಅವರ ಕೈಗುಣ, ಮತ್ತೆ ಕೆಟ್ಟರೆ ಡ್ರೈವರನ ತಪ್ಪು. ಎದುರಿಗಿದ್ದ ಬೈಕ್ ಗ್ಯಾರೇಜಿನವನನ್ನು ಕಂಡರಂತೂ ಅಷ್ಟಕ್ಕಷ್ಟೇ. ಎರಡು ಗಾಲಿಯ ಗಾಡಿ ರಿಪೇರಿ ಎಂದರೆ ಮಕ್ಕಳ ಆಟಿಕೆ ಜೋಡಿಸಿದ ಹಾಗೆ ಎಂದು ಅವನಿಗೆ ಕೇಳುವಂತೆಯೇ ಹೇಳುತ್ತಿದ್ದರು. ಹೀಗಾಗಿ ಇಬ್ಬರಿಗೂ ಮಾತು ಬಿಟ್ಟು ವರ್ಷಗಳಾಗಿದ್ದವು.

ನಾನು ಭೀಮಾ ಹೊಳೆಯಲ್ಲಿ ಲಾಂಚ್ ನಡೆಸುವವನು. ಈ ದಂಡೆ ಅಫಜಲಪುರದ ಕಡೆ, ಆ ದಂಡೆ ಜೇವರ್ಗಿಯ ಕಡೆ. ಕೊಂಕಣದ ಬಂದರಿನಿಂದ ಲಾರಿಯ ಮೇಲೆ ಹೇರಿಕೊಂಡು ತಂದ ಹಳೆಯ ಲಾಂಚು ಅದು. ಒಂದು ಬೇಸಿಗೆಯಲ್ಲಿ ಅದರ ಮುಂದಕ್ಕೆ ಹೋಗುವ ಗೇರಿನ ಕ್ಲಚ್ ಸವೆದು ಕೈಕೊಟ್ಟಿತು. ರಿವರ್ಸಿನದು ಬೇರೆ ಕ್ಲಚ್ಚು, ಅದು ಗಟ್ಟಿಯಾಗಿತ್ತು. ನಾನೂ ಹಠಮಾರಿ, ಹಿಂದಕ್ಕೇ ನಡೆಸಿಕೊಂಡು ಜನರನ್ನು ದಾಟಿಸತೊಡಗಿದೆ. ಬಿಟ್ಟು ಬಂದ ದಂಡೆಯನ್ನೇ ನೋಡುತ್ತ ಕೂತವರು, ಬೆನ್ನ ಹಿಂದೆ ಇಳಿಯುವ ದಂಡೆ ತಾಗಿದಾಗ ಬೆಚ್ಚಿ ಬೀಳುತ್ತಿದ್ದರು. ಎರಡೂ ಕಡೆ ನಗೆಪಾಟಲಾದೆ.

ನಿಂತ ನೀರಿನಲ್ಲಿ ಈ ಆಟ ನಡೆಯುತ್ತಿತ್ತು. ಮಳೆಗಾಲದಲ್ಲಿ ಸೊನ್ನದ ಬ್ಯಾರೇಜಿನ ಗೇಟು ತೆಗೆದರೆ ಸೆಳೆತಕ್ಕೆ ಎದುರಾಗಿ ರಿವರ್ಸಿನಲ್ಲಿ ಹೋಗುವುದು ಸಾಧ್ಯವೇ ಇರಲಿಲ್ಲ. ಅಷ್ಟರೊಳಗೆ ಸರಿಯಾಗದಿದ್ದರೆ ಲಾಂಚನ್ನು ಗುಜರಿಗೆ ಹಾಕುವುದೆಂದು ನಮ್ಮಣ್ಣ ಖಡಾಖಂಡಿತವಾಗಿ ಹೇಳಿಬಿಟ್ಟ. ಆ ಲಾಂಚು ಹೋದರೆ ನನಗೆ ಜೀವ ಹೋದ ಹಾಗೆಯೇ ಇತ್ತು. ಕಾಕಾನ ಬಳಿ ಓಡಿದೆ.

ದೋಣಿಯ ಗೇರ್‌ಬಾಕ್ಸನ್ನು ಅವರು ಜನ್ಮದಲ್ಲಿ ನೋಡಿರಲಿಲ್ಲ, ಆದರೂ ಒಪ್ಪಿಕೊಂಡರು. ಮುಂಬೈಯಿಂದ ಎರಡು ಸೆಟ್ ಕ್ಲಚ್ ಪ್ಲೇಟು ತರಿಸಿದೆವು. ರೊಟ್ಟಿ ಪೇರಿಸಿದಂತೆ ಒಂದು ಬರೀ ಉಕ್ಕಿನದು, ಅದರ ಮೇಲೊಂದು ಹಿಡಿತಕ್ಕೆ ಲೈನಿಂಗ್ ಅಂಟಿಸಿದ್ದು, ಮತ್ತೆ ಉಕ್ಕಿನದು, ಹೀಗೆ ಜೋಡಿಸಬೇಕು. ಕಾಕಾ ಮೊದಲ ಸೆಟ್ಟನ್ನು ಪೆಟ್ರೋಲಿನಲ್ಲಿ ತೊಳೆದು, ಬಿಸಿಲಿಗಿಟ್ಟು, ಎಣ್ಣೆಯ ಪಸೆಯೂ ಇಲ್ಲದಂತೆ ಒರೆಸಿ ಕೂಡಿಸಿದರು.

"ಕ್ಲಚ್ಚಿಗೆ ಎಣ್ಣಿ ಹತ್ತಿತಂದ್ರ ಕೆಲಸ ಕೆಟ್ಟಿತಂತ ತಿಳ್ಕೋ ತಮ್ಮಾ" ಎಂದರು. ಟ್ರ್ಯಾಕ್ಟರಿನ ಮಟ್ಟಿಗೆ ಅದು ನಿಜವೂ ಹೌದು.

ಲಾಂಚು ಮುಂದಕ್ಕೆ ಹೊರಟಿತು, ನಡುಹೊಳೆಗೆ ಬಂದು ಹೊಗೆಯೆದ್ದು ನಿಂತಿತು. ರಿವರ್ಸಿನಲ್ಲಿ ದಂಡೆಗೆ ತಂದು ಬಿಚ್ಚಿದರೆ ಪ್ಲೇಟುಗಳೆಲ್ಲ ಸುಟ್ಟು ಕರಕಲಾಗಿದ್ದವು. ಉಳಿದದ್ದು ಒಂದೇ ಸೆಟ್. ಆಗಲೇ ಹೊಳೆಯ ಮೇಲ್ಭಾಗದಲ್ಲಿ ಮಳೆ ಹಿಡಿದಿತ್ತು.

ಕಾಕಾ ಗ್ಯಾರೇಜಿನಲ್ಲಿ ಕೂತು ಸುಟ್ಟ ಪ್ಲೇಟುಗಳನ್ನು ಒಂದೊಂದಾಗಿ ತಿಕ್ಕಿ ನೋಡಿದರು. ಆಮೇಲೆ ಅದರಲ್ಲೊಂದನ್ನು ಕೈಯಲ್ಲಿ ಹಿಡಿದು ಎದ್ದವರು ಹಾಡಹಗಲೇ, ಎಲ್ಲರೂ ನೋಡುತ್ತಿರುವಾಗ, ರಸ್ತೆ ದಾಟಿ ಬೈಕ್ ಗ್ಯಾರೇಜಿಗೆ ಹೋಗಿ ಅದನ್ನು ಅವನ ಮುಂದಿಟ್ಟರು.

ಅವನು ಹಳೆಯ ಜಗಳ ಎತ್ತಲಿಲ್ಲ, ಪ್ಲೇಟನ್ನು ತಿರುಗಿಸಿ ನೋಡಿದ. "ಕಾಕಾ, ಇವು ನಮ್ಮ ಬೈಕಿನ ಪ್ಲೇಟಿನಂಗ ಎಣ್ಣ್ಯಾಗ ಇರೋವ್ರಿ. ಮೊದಲ ನೆನಿ ಹಾಕಿ ಕೂಡಿಸ್ಬೇಕು. ಒಣಾ ಹಾಕಿದ್ರ ಸುಟ್ಟೇ ಹೋಗ್ತಾವ."

ಕಾಕಾ ತಪ್ಪಾಯಿತು ಎನ್ನಲಿಲ್ಲ. ಅದು ಅವರ ಜಾಯಮಾನವೇ ಅಲ್ಲ. "ಮೊದಲನೇ ಸೆಟ್ ಹೊಳಿ ಭೀಮವ್ವಗ ಕೊಟ್ಟಂಗಾತು. ಇನ್ನೊಂದು ನಮ್ದು. ನೀನೂ ಬಾ" ಎಂದರು ಅಷ್ಟೇ.

ಅವನು ಬಂದ. ಮನೆಯಲ್ಲಿ ಹಿಟ್ಟು ನಾದುವ ಪರಾತವನ್ನು ಕಾಕಾ ಎತ್ತಿ ತಂದರು, ಹೆಂಡತಿಯ ಬೈಗುಳ ಗ್ಯಾರೇಜಿನ ತನಕ ಕೇಳಿಸಿತು. ಪ್ಲೇಟುಗಳು ಅದರಲ್ಲಿ ಎಣ್ಣೆ ಕುಡಿದವು. ಒಬ್ಬರು ಎತ್ತಿ ಕೊಟ್ಟಂತೆ ಇನ್ನೊಬ್ಬರು ಕೂಡಿಸಿದರು. ಕೆಲಸದ ತುಂಬ ಜಗಳ, ಆದರೆ ಮಾತಂತೂ ಶುರುವಾಗಿತ್ತು.

ಲಾಂಚು ನೀರಿಗಿಳಿಯುವಷ್ಟರಲ್ಲಿ ಗೇಟು ತೆಗೆದಾಗಿತ್ತು, ಹೊಳೆ ಕೆಂಪಾಗಿ ಏರುತ್ತಿತ್ತು. ನಗುವುದಕ್ಕೆಂದೇ ಬಂದವರು ದಂಡೆಯ ತುಂಬ. ನೀರೆಂದರೆ ಹೆದರುತ್ತಿದ್ದ ಕಾಕಾ ಆ ದಿನ ಲಾಂಚ್ ಹತ್ತಿ, ಗೇರ್‌ಬಾಕ್ಸಿನ ಪಕ್ಕದಲ್ಲೇ ಬೈಕ್ ಗ್ಯಾರೇಜಿನವನ ಜೊತೆ ಕುಕ್ಕರಗಾಲಲ್ಲಿ ಕೂತರು. ನಾನು ಗೇರಿನ ಹಿಡಿಕೆ ಹಿಡಿದು ದಂಡೆಯ ಜನರತ್ತ ನೋಡಿದೆ.

"ಅಂಜಬ್ಯಾಡ, ಮುಂದ ಹಾಕು" ಎಂದರು.

ಹಾಕಿದೆ. ಲಾಂಚು ಒಮ್ಮೆ ಅದುರಿ ಸೆಳೆತಕ್ಕೆ ಎದೆಯೊಡ್ಡಿತು. ಜಾರಲಿಲ್ಲ, ಹೊಗೆಯಿಲ್ಲ. ನೀರನ್ನು ಸೀಳಿಕೊಂಡು ಮೇಲಕ್ಕೇರಿ, ತಿರುಗಿ, ಆ ದಂಡೆಗೆ ಮೂತಿ ಮುಂದಾಗಿ ತಾಗಿತು. ಎರಡೂ ದಂಡೆಯಲ್ಲಿ ಕೇಕೆ, ಸಿಳ್ಳೆ. ಅಲ್ಲಿಯ ಹಿರಿಯರೊಬ್ಬರು ಕಾಕಾನ ಹೆಗಲಿಗೆ ಹೊಸ ಟವೆಲ್ ಹಾಕಿದರು. ಕಾಕಾ ಅದನ್ನು ತೆಗೆದು ಬೈಕ್ ಗ್ಯಾರೇಜಿನವನ ಹೆಗಲಿಗೆ ಹಾಕಿ, ನನ್ನತ್ತ ತಿರುಗಿ ಇನ್ನೊಂದು ಸುತ್ತು ಹೊಡೆಯಲು ಹೇಳಿದರು. ಆ ಸಂತೋಷಕ್ಕೆ ನಾನು ಅತ್ತೇಬಿಟ್ಟೆ.

ಹೋದ ಮಳೆಗಾಲ ಕಾಕಾ ತೀರಿಕೊಂಡರು. ಹೊಳೆ ತುಂಬಿತ್ತು. ರಸ್ತೆ ಸುತ್ತಿ ಹೋದರೆ ಮಣ್ಣು ಮಾಡುವ ಹೊತ್ತಿಗೆ ಮುಟ್ಟುವುದಿಲ್ಲವೆಂದು ಆ ದಂಡೆಯಲ್ಲಿ ಜನ ಕಾದು ನಿಂತಿದ್ದರು. ಬೈಕ್ ಗ್ಯಾರೇಜಿನವನು ಇಂಜಿನ್ ಪಕ್ಕ ಕೂತ, ನಾನು ಚುಕ್ಕಾಣಿ ಹಿಡಿದೆ. ಈಚೆ ದಂಡೆಯಲ್ಲಿ ಇಳಿದವರನ್ನು ಊರಿಗೊಯ್ಯಲು ನಿಂತ ಟ್ರ್ಯಾಕ್ಟರುಗಳೆಲ್ಲ ಕಾಕಾನ ಕೈಯಲ್ಲಿ ಪಳಗಿದವು. ಹೋದೆವು, ಬಂದೆವು, ಮತ್ತೆ ಹೋದೆವು...

ಈಗ ಅವರ ಗ್ಯಾರೇಜಿಗೆ ಬೀಗ ಬಿದ್ದಿದೆ. ಆದರೆ ಆ ದಿನ ಕಾಕಾನ ಮುಖ ನೋಡಲು ಹೊರಟವರಲ್ಲಿ ಒಬ್ಬರನ್ನೂ ನಾನು ಆ ದಂಡೆಯಲ್ಲಿ ಬಿಟ್ಟು ಬರಲಿಲ್ಲ.