ನಿಂಬೆಗಿಡದ ಸಾಲಿನಲ್ಲಿ ಹಾಯುವಷ್ಟು ಟ್ರ್ಯಾಕ್ಟರ್

ನಾನು ಮದುವೆಯಾಗಿ ಬೀಳಗಿಯಿಂದ ಬನಹಟ್ಟಿಗೆ ಬಂದು ಎರಡು ಮೂರು ವರ್ಷ ಆಗಿರಬೇಕು, ನಮ್ಮ ಮನೆಯಲ್ಲಿ ಟ್ರ್ಯಾಕ್ಟರಿನ ಮಾತು ಶುರುವಾಯಿತು. ಎಂಬತ್ತರ ದಶಕದ ಕೊನೆಯ ವರ್ಷಗಳವು. ಮನೆ ಊರ ಅಂಚಿಗಿತ್ತು. ಮುಂದೆ ಮಗ್ಗದವರ ಓಣಿ, ಹಿಂದೆ ನಮ್ಮ ತೋಟ. ತೋಟವೆಂದರೆ ಬಹಳ ದೊಡ್ಡದೇನಲ್ಲ. ಹಿತ್ತಲ ಬಾಗಿಲು ತೆರೆದರೆ ನಿಂಬೆಗಿಡಗಳ ಸಾಲು, ಅದರಾಚೆ ಬಾವಿ, ಬಾವಿಯಾಚೆ ಒಂದಿಷ್ಟು ಅರಿಶಿಣ, ಒಂದಿಷ್ಟು ಕಬ್ಬು. ಅಡುಗೆಮನೆಯಲ್ಲಿ ನಿಂತು ನಾನು ಕೂಗಿದರೆ ಬಾವಿಯವರೆಗೆ ಕೇಳಿಸುತ್ತಿತ್ತು. ಅತ್ತೆ ಕೂಗಿದರೆ ಕೊನೆಯ ಬದು ದಾಟಿ ಪಕ್ಕದ ಹೊಲಕ್ಕೂ ಮುಟ್ಟುತ್ತಿತ್ತು.

ಆ ಪಕ್ಕದ ಹೊಲ ಮಾವನವರ ದೊಡ್ಡಪ್ಪನ ಮಗನದು. ಇಬ್ಬರಿಗೂ ಮಾತು ಬಿಟ್ಟುಹೋಗಿತ್ತು. ನಮ್ಮ ನಿಂಬೆಯ ಟೊಂಗೆಗಳು ಬದು ದಾಟಿ ಅವರ ಕಡೆ ಚಾಚಿದ್ದವು, ಅವರು ಕೇಳದೆ ಕಡಿದರು. ಅಷ್ಟಕ್ಕೇ ಶುರುವಾದ ಜಗಳ ಎಷ್ಟೋ ವರ್ಷ ನಡೆದಿತ್ತು. ಆ ದಾಯಾದಿ ಹಿಂದಿನ ದೀಪಾವಳಿಗೆ ದೊಡ್ಡದೊಂದು ಟ್ರ್ಯಾಕ್ಟರ್ ತಂದಿದ್ದರು. ಮುಂಜಾನೆ ಅದನ್ನು ಶುರು ಮಾಡಿದರೆ ನಮ್ಮ ಅಡುಗೆಮನೆಯ ಹಲಗೆಯ ಮೇಲಿನ ಪಾತ್ರೆಗಳು ಗದಗದ ನಡುಗುತ್ತಿದ್ದವು. ಪಾತ್ರೆಗಳಿಗಿಂತ ಹೆಚ್ಚು ನಮ್ಮ ಮಾವ ನಡುಗುತ್ತಿದ್ದರು.

ನಮ್ಮ ಎತ್ತುಗಳಿಗೆ ವಯಸ್ಸಾಗಿತ್ತು. ಬಾಡಿಗೆ ಟ್ರ್ಯಾಕ್ಟರಿನವರು ಹದ ಮುಗಿದ ಮೇಲೆ ಬರುತ್ತಿದ್ದರು. ಹೀಗಾಗಿ ನಮ್ಮದೇ ಒಂದು ಬೇಕು ಅನ್ನುವುದರಲ್ಲಿ ಯಾರದೂ ತಕರಾರು ಇರಲಿಲ್ಲ. ತಕರಾರು ಇದ್ದದ್ದು ಎಷ್ಟು ದೊಡ್ಡದು ಎಂಬುದರಲ್ಲಿ. ಮಾವನವರ ಮನಸ್ಸಿನಲ್ಲಿ ಅಳತೆ ಸ್ಪಷ್ಟವಿತ್ತು: ದಾಯಾದಿಯದಕ್ಕಿಂತ ಒಂದು ಗೇಣಾದರೂ ದೊಡ್ಡದು.

"ಟ್ರ್ಯಾಕ್ಟರ್ ಮ್ಯಾಲ ಕುಂತ್ರ ಮಂದಿ ತಲಿ ಎತ್ತಿ ನೋಡಬೇಕು," ಅಂದರು ಮಾವ.

ಅತ್ತೆ ಹಿಟ್ಟು ನಾದುತ್ತಿದ್ದವರು ತಲೆ ಎತ್ತಲಿಲ್ಲ. "ಮಂದಿ ನೋಡೂದು ಇರ್ಲಿರಿ. ನಿಂಬಿಗಿಡದ ಸಾಲಿನಾಗ ಅದು ಹಾಯ್ತೈತೇನು?"

ಆಗ ಪೇಟೆಗೆ ಹೊಸದಾಗಿ ಸಣ್ಣ ಟ್ರ್ಯಾಕ್ಟರ್ ಬಂದಿತ್ತು, ಹದಿನೆಂಟು ಎಚ್‌ಪಿಯದು. ದೊಡ್ಡ ಟ್ರ್ಯಾಕ್ಟರಿನ ಮಗುವಿನಂತೆ ಕಾಣುತ್ತಿತ್ತು. ಅತ್ತೆ ಅದನ್ನು ಜಮಖಂಡಿಯ ಅಂಗಡಿಯೊಂದರ ಮುಂದೆ ಬಸ್ಸಿನ ಕಿಟಕಿಯಿಂದ ನೋಡಿದ್ದರು. ನೋಡಿದ್ದೇ ತಡ, ಮನಸ್ಸಿನಲ್ಲೇ ಅದನ್ನು ಮನೆಗೆ ತಂದು ದನದ ಕೊಟ್ಟಿಗೆಯಲ್ಲಿ ನಿಲ್ಲಿಸಿಯೂ ಬಿಟ್ಟಿದ್ದರು. ಮಾವ ಅದಕ್ಕೆ ಟ್ರ್ಯಾಕ್ಟರ್ ಎಂದು ಕರೆಯಲು ಸಹ ಒಪ್ಪಲಿಲ್ಲ. "ಆ ಆಟಗಿ ಸಾಮಾನು" ಅನ್ನುತ್ತಿದ್ದರು.

ನಮ್ಮ ಮನೆಯವರು ಜಮಖಂಡಿಯಲ್ಲಿ ಬ್ಯಾಂಕಿನ ನೌಕರಿಯಲ್ಲಿದ್ದರು. ತಮ್ಮ ಅಪ್ಪ ಕೇಳಿದರೆ ದೊಡ್ಡದಕ್ಕೆ ತಲೆ ಆಡಿಸುತ್ತಿದ್ದರು, ಅವ್ವ ಕೇಳಿದರೆ ಸಣ್ಣದಕ್ಕೆ. ದಿನವಿಡೀ ಸಾಲ ಕೇಳಲು ಬಂದವರಿಗೆ ಹೌದು ಅಲ್ಲ ಎಂದು ಹೇಳಿ ಹೇಳಿ ಮನೆಗೆ ಬರುವಷ್ಟರಲ್ಲಿ ಅವರ ಬಳಿ ಸ್ವಂತ ಅಭಿಪ್ರಾಯವೇ ಉಳಿದಿರುತ್ತಿರಲಿಲ್ಲ.

ಮಾವ ಮುಧೋಳಕ್ಕೆ ಹೋಗಿ ಷಡ್ಡಕನನ್ನು ಕೇಳಿ ಬಂದರು, ಜಮಖಂಡಿಗೆ ಹೋಗಿ ಗೆಳೆಯರನ್ನು ಕೇಳಿ ಬಂದರು. ಯಾರ ಮನೆಯಲ್ಲಿ ಯಾವುದಿತ್ತೋ ಅದೇ ಛಲೋ ಎಂದರು ಎಲ್ಲರೂ. ಟ್ರ್ಯಾಕ್ಟರೇ ಇಲ್ಲದವರೊಬ್ಬರು ಮಾತ್ರ ಎತ್ತೇ ಛಲೋ ಅಂದರು.

ಕೊನೆಗೆ ನಮ್ಮ ಅಪ್ಪ ಸಿಕ್ಕಿಬಿದ್ದರು. ಬೀಳಗಿಯಿಂದ ನನ್ನನ್ನು ನೋಡಿಕೊಂಡು ಹೋಗಲು ಒಂದು ಸೋಮವಾರ ಬಸ್ಸು ಹತ್ತಿ ಬಂದಿದ್ದರು, ಪಾಪ. ಕೈಕಾಲು ತೊಳೆಯುವ ಮೊದಲೇ ಮಾವ ಅವರನ್ನು ಪಡಸಾಲೆಯಲ್ಲಿ ಕೂಡಿಸಿಕೊಂಡು ಕೇಳಿದರು. ಹೆಣ್ಣು ಕೊಟ್ಟ ಬೀಗರು. ಇಲ್ಲ ಅನ್ನಲು ಹೇಗೆ ಬಂದೀತು? ದೊಡ್ಡದೇ ಯೋಗ್ಯ ಅಂದರು. ನೀರು ಕುಡಿಯಲು ಅಡುಗೆಮನೆಯ ಕಡೆ ಬಂದಾಗ ಅತ್ತೆ ಕೇಳಿದರು. ಅಲ್ಲಿ ಸಣ್ಣದೇ ಯೋಗ್ಯ ಅಂದರು. ಊಟಕ್ಕೆ ಕುಳಿತಾಗ ಮಾವ, "ನೋಡು, ಬೀಗರೂ ನನ್ನ ಮಾತಽ ಅಂದ್ರು," ಅಂದರು. ಅತ್ತೆ ರೊಟ್ಟಿ ಬಡಿಸುತ್ತಾ, ಬೀಗರು ತಮಗೆ ಹೇಳಿದ್ದು ಬೇರೆ ಎಂದರು. ಇಬ್ಬರೂ ಅಪ್ಪನ ಮುಖ ನೋಡಿದರು. ಅಪ್ಪ ಬದನೆಕಾಯಿ ಪಲ್ಯೆ ಬಹಳ ಛಲೋ ಆಗಿದೆ ಎಂದು ಹೇಳಿ ತಟ್ಟೆಯೊಳಗೆ ತಲೆ ತಗ್ಗಿಸಿದರು.

ಆಗ ಅತ್ತೆಯೇ ಒಂದು ದಾರಿ ತೆಗೆದರು. ಮಾತು ಬೇಡ, ಅಳತೆ ಮಾಡಿಯೇ ನೋಡೋಣ ಎಂದರು. ನಮ್ಮ ಪಡಸಾಲೆಯಲ್ಲಿ ನುಲಿ ಹೆಣೆದ ದೊಡ್ಡ ಮಂಚ, ನಮ್ಮ ಕಡೆಯ ಹೊರಸು, ಇತ್ತು. ದೊಡ್ಡ ಟ್ರ್ಯಾಕ್ಟರಿಗೆ ಅಂಗಡಿಯವನು ಹೇಳಿದ್ದ ಅಗಲಕ್ಕೂ ಆ ಹೊರಸಿಗೂ ಹೆಚ್ಚುಕಡಿಮೆ ಸರಿ ಹೋಗುತ್ತಿತ್ತು. ಹೊರಸನ್ನು ಎತ್ತಿಕೊಂಡು ನಿಂಬೆಯ ಸಾಲಿನಲ್ಲಿ ಹೋಗಿ, ಬಾವಿಯ ಹತ್ತಿರ ತಿರುವಿಕೊಂಡು ಬರುವುದು. ಹೊರಸು ಹಾದರೆ ದೊಡ್ಡ ಟ್ರ್ಯಾಕ್ಟರ್, ಹಾಯದಿದ್ದರೆ ಸಣ್ಣದು.

ಮಾವ ಖುಷಿಯಿಂದಲೇ ಒಪ್ಪಿದರು. ಆದರೆ ಬರೀ ಅಗಲ ನೋಡಿದರೆ ಸಾಲದು, ಎತ್ತರವನ್ನೂ ನೋಡಬೇಕು, ಮೇಲೆ ಕೂತವನ ತಲೆಗೆ ಟೊಂಗೆ ಬಡಿಯುವುದಿಲ್ಲ ಎಂದು ತೋರಿಸುತ್ತೇನೆ ಎಂದರು. ಹೊರಸಿನ ಮೇಲೆ ತಾವೇ ಕೂರುವುದಾಗಿ ಹೇಳಿದರು.

ನಮ್ಮ ಮನೆಯವರಿಗೆ ಅಂದು ಯಾವುದೋ ರಜೆ. ಮುಂದಿನ ಎರಡು ಕಾಲುಗಳನ್ನು ಅವರೂ ನಮ್ಮ ಅಪ್ಪನೂ ಹಿಡಿದರು. ಹಿಂದಿನವಕ್ಕೆ ಮಗ್ಗದ ಓಣಿಯಿಂದ ಇಬ್ಬರು ಗಟ್ಟಿ ಆಳುಗಳನ್ನು ಕರೆದರು. ಮಾವ ದಢೂತಿ ಮನುಷ್ಯ. ನಡುವಿನ ಮಟ್ಟಕ್ಕೆ ಎತ್ತಿದರೆ ಸಾಕಲ್ಲವೇ ಎಂದು ಅಪ್ಪ ಮೆಲ್ಲಗೆ ಕೇಳಿದರು. ಸಾಲದು, ಟ್ರ್ಯಾಕ್ಟರಿನ ಸೀಟು ಹೆಗಲಮಟ್ಟದಲ್ಲಿ ಇರುತ್ತದೆ ಎಂದರು ಮಾವ. ಹೆಗಲ ಮೇಲೆಯೇ ಎತ್ತಿದರು.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಜನರಲ್ಲಿ ತೀರಿಕೊಂಡವರನ್ನು ಮಲಗಿಸಿ ಒಯ್ಯುವುದಿಲ್ಲ. ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ತಲೆಗೆ ರುಮಾಲು ಸುತ್ತಿ, ನೆಟ್ಟಗೆ ಕೂಡಿಸಿ, ಹೆಗಲ ಮೇಲೆ ಹೊತ್ತು ಒಯ್ಯುತ್ತೇವೆ. ಅಂದು ಸೋಮವಾರ. ಮಾವ ಸ್ನಾನ ಮಾಡಿ, ಹಣೆತುಂಬ ವಿಭೂತಿ ಹಚ್ಚಿ, ಬಿಳಿ ಧೋತರ ಉಟ್ಟು, ಬಿಳಿ ರುಮಾಲು ಸುತ್ತಿದ್ದರು. ಹೊರಸಿನ ಮೇಲೆ ಚಕ್ಕಂಬಕ್ಕಳ ಹಾಕಿ ನೆಟ್ಟಗೆ ಕುಳಿತರು. ಬೀಗರು ಎದುರಿಗಿದ್ದಾರೆಂದು ಅತ್ತೆಯೂ, ಮಾವ ಎದುರಿಗಿದ್ದಾರೆಂದು ನಾನೂ ತಲೆತುಂಬ ಸೆರಗು ಹೊದ್ದು ಹಿಂದೆ ನಡೆದೆವು. ಇದೆಲ್ಲ ನೋಡುವವರಿಗೆ ಹೇಗೆ ಕಾಣಿಸೀತು ಎಂದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಎಲ್ಲರ ಗಮನವೂ ಟ್ರ್ಯಾಕ್ಟರಿನ ಮೇಲಿತ್ತು.

ಸಾಲಿನೊಳಗೆ ಹೊಕ್ಕ ಕೂಡಲೇ ನಿಂಬೆಯ ಮುಳ್ಳುಗಳು ಮಾವನ ಮುಖಕ್ಕೆ ಬಂದವು. ಮಾವ ಕಣ್ಣು ಮುಚ್ಚಿಕೊಂಡರು. ಟೊಂಗೆ ತಾಗಿದರೂ ತಾಗಿತೆಂದು ಒಪ್ಪಬಾರದಲ್ಲ, ತುಟಿಯನ್ನೂ ಬಿಗಿಹಿಡಿದರು. ಹೊರುವವರು ಹೆಜ್ಜೆಗೊಮ್ಮೆ ಎಡಕ್ಕೆ, ಹೆಜ್ಜೆಗೊಮ್ಮೆ ಬಲಕ್ಕೆ ವಾಲುತ್ತಿದ್ದರು. ಮಾವನ ತಲೆಯೂ ಹಾಗೆಯೇ ವಾಲುತ್ತಿತ್ತು.

ಬೇಲಿಯಾಚೆ ಓಣಿಯ ಒಬ್ಬ ಮುದುಕಿ ಬೆರಣಿ ತಟ್ಟುತ್ತಿದ್ದಳು. ಮಾವನನ್ನು ಅಂಗಿ ಹಾಕುವ ಮೊದಲಿನಿಂದ ಬಲ್ಲವಳು. ಅವಳು ತಲೆ ಎತ್ತಿದಾಗ ಬೇಲಿಯ ಮೇಲೆ ಕಂಡದ್ದು ಇಷ್ಟೇ: ವಿಭೂತಿ, ರುಮಾಲು, ಮುಚ್ಚಿದ ಕಣ್ಣು, ತೂಗಾಡುತ್ತ ಮುಂದೆ ಸಾಗುವ ನಮ್ಮ ಮಾವ.

ಆಕೆ ಎದೆ ಬಡಿದುಕೊಂಡು ರಾಗ ತೆಗೆದಳು. ನಿನ್ನೆ ಸಂಜೆ ಮಾತಾಡಿಸಿದವನು ಇಂದು ಹೇಳದೆ ಹೊರಟೆಯಲ್ಲೋ ಎಂದು ಅವಳು ಅಳುವುದಕ್ಕೂ, ಹೊರಸು ಬಾವಿಯ ಕಟ್ಟೆಗೂ ಕೊನೆಯ ಗಿಡಕ್ಕೂ ನಡುವೆ ಸಿಕ್ಕಿಕೊಳ್ಳುವುದಕ್ಕೂ ಸರಿಹೋಯಿತು. ಓಣಿಯಲ್ಲಿ ಖಟಖಟ ಅನ್ನುತ್ತಿದ್ದ ಮಗ್ಗಗಳು ಒಂದೊಂದಾಗಿ ನಿಂತವು. ಆ ಓಣಿಯಲ್ಲಿ ಹಗಲು ಹೊತ್ತು ಅಂಥ ನಿಶ್ಶಬ್ದವನ್ನು ನಾನು ಎಂದೂ ಕೇಳಿರಲಿಲ್ಲ. ಆಮೇಲೆ ಕಾಲುಗಳ ಸಪ್ಪಳ. ಗಂಡಸರು, ಹೆಂಗಸರು, ನೂಲಿನ ಎಳೆ ಕೂದಲಿಗೆ ಅಂಟಿಕೊಂಡವರು, ಕೈಯೊಳಗಿನ ಹಿಟ್ಟು ತೊಳೆಯದವರು, ಎಲ್ಲರೂ ಹಿತ್ತಲಿಗೆ ನುಗ್ಗಿದರು.

ಗದ್ದಲ ಕೇಳಿ ಮಾವ ಕಣ್ಣು ತೆರೆದರು. ಅಷ್ಟು ಮಂದಿ ಅಳುತ್ತ ಬರುವುದನ್ನು ಮೇಲಿನಿಂದ ನೋಡಿ ನಿಜವಾಗಿಯೂ ಕಳವಳಗೊಂಡರು.

"ಯಾರು ತೀರಿಕೊಂಡ್ರಬೇ?" ಎಂದು ಮುದುಕಿಯನ್ನು ಕೇಳಿದರು.

ಮುದುಕಿ ಅವರನ್ನು ನೋಡಿದಳು. ಅವಳ ಅಳು ಇಳಿಜಾರಿನಲ್ಲಿ ಹೊರಟ ಚಕ್ಕಡಿಯಂತೆ ಕೂಡಲೇ ನಿಲ್ಲಲಿಲ್ಲ. ಇನ್ನೂ ಎರಡು ಸಾಲು ಅತ್ತು, ಮೂಗು ಒರೆಸಿಕೊಂಡು, ಆಮೇಲೆ ಸಿಟ್ಟಾದಳು. "ಜೀವ ಇದ್ದಾಂವ ಹಿಂಗ್ಯಾಕ ಕುಂತೀಯೋ? ನನ್ನ ಎದಿ ಒಡದಿತ್ತಲ್ಲ," ಅಂದಳು.

ಮಗ್ಗದ ಆಳುಗಳಿಗೆ ನಗು ತಡೆಯಲಾಗಲಿಲ್ಲ. ಹಿಂದಿನ ಎರಡು ಕಾಲು ಇಳಿದವು, ಮಾವ ಹಿಂದಕ್ಕೆ ಜಾರಿ ಅರಿಶಿಣದ ಮಡಿಯಲ್ಲಿ ಕುಳಿತರು. ರುಮಾಲು ನಿಂಬೆಯ ಟೊಂಗೆಯಲ್ಲಿ ನೇತಾಡುತ್ತಿತ್ತು. ಅತ್ತೆ ಮೊದಲು ಗಂಡನನ್ನು ನೋಡಿದರು, ಪೆಟ್ಟಾಗಿಲ್ಲವೆಂದು ಖಾತ್ರಿ ಮಾಡಿಕೊಂಡು, ಆಮೇಲೆ ರುಮಾಲನ್ನು ನೋಡಿದರು.

ಅಷ್ಟರಲ್ಲಿ ಬದುವಿನ ಕಡೆಯಿಂದ ಒಬ್ಬರು ಓಡಿ ಬಂದರು. ಕಾಲಲ್ಲಿ ಚಪ್ಪಲಿ ಇಲ್ಲ, ಧೋತರ ಕೆಸರಾಗಿದೆ, ಉಸಿರು ಮೇಲೆ ಕೆಳಗೆ. ಮಾತು ಬಿಟ್ಟ ದಾಯಾದಿ. ನೀರು ಹಾಯಿಸುತ್ತಿದ್ದವರು ಅಳು ಕೇಳಿ ಹಾಗೇ ಬಂದಿದ್ದರು. ಮಾವ ಮಡಿಯಲ್ಲಿ ಜೀವಂತ ಕೂತಿರುವುದನ್ನು ಕಂಡು ಅವರ ಮುಖ ಒಂದು ಗಳಿಗೆ ಹೇಗೋ ಆಯಿತು. ಬಂದ ಕಾಲಲ್ಲೇ ತಿರುಗಿ ಹೋಗುವಂತಿಲ್ಲ, ಮಾತಾಡುವಂತೆಯೂ ಇಲ್ಲ. ಸೊಂಟದ ಮೇಲೆ ಕೈ ಇಟ್ಟು ನಿಂತರು.

ಮಾವ ಅವರ ಬರಿಗಾಲನ್ನು ಬಹಳ ಹೊತ್ತು ನೋಡಿದರು. ಆಮೇಲೆ, "ಮುಳ್ಳು ಭಾಳ ಅದಾವು ಇಲ್ಲೆ. ನೋಡಿ ಕಾಲಿಡು, ತಮ್ಮಾ," ಅಂದರು.

ಅವರು, "ಅದಕ್ಕಽ ಕಡದಿದ್ನಿ ಅಣ್ಣಾ," ಅಂದರು.

ಅಷ್ಟೇ. ಕೈ ಕೊಟ್ಟು ಮಾವನನ್ನು ಎಬ್ಬಿಸಿದವರೂ ಅವರೇ. ನಾನು ಸೆರಗಿನ ಮರೆಯಲ್ಲಿ ಅತ್ತೆಯ ಮುಖ ನೋಡಿದೆ. ಅವರು ಕಣ್ಣೊರೆಸಿಕೊಂಡು, "ಹೋಗಬೇ, ದೊಡ್ಡ ಬೋಗಣಿ ಇಡು, ಚಾ ಮಾಡೂಣು," ಅಂದರು.

ಬಂದವರು ಯಾರೂ ಬೇಗ ಹೋಗಲಿಲ್ಲ. ಮಗ್ಗ ನಿಲ್ಲಿಸಿ ಬಂದದ್ದು ವ್ಯರ್ಥವಾಗಬಾರದೆಂದೋ ಏನೋ, ಎಲ್ಲರೂ ಕುಳಿತು ಟ್ರ್ಯಾಕ್ಟರಿನ ಬಗ್ಗೆ ತಮ್ಮ ತಮ್ಮ ಅಭಿಪ್ರಾಯ ಹೇಳಿದರು. ಅಷ್ಟರಲ್ಲಿ ಸುದ್ದಿ ಬಸ್ ಹತ್ತಿ ಹೋಗಿತ್ತು. ಸಂಜೆಗೆ ಮುಧೋಳದ ಷಡ್ಡಕ ಹೆಂಡತಿಯೊಡನೆ ಅಳುತ್ತ ಬಂದಿಳಿದರು. ಮಾವನೇ ಬಾಗಿಲಲ್ಲಿ ನಿಂತು ಬರಮಾಡಿಕೊಂಡರು. ಷಡ್ಡಕರು ಗಾಬರಿಯಲ್ಲಿ ಮಾವನನ್ನೇ, "ಹೆಂಗಾತ್ರಿ ಇದು?" ಎಂದು ಕೇಳಿಬಿಟ್ಟರು. ಮಾವ ಮೊದಲಿನಿಂದ ಎಲ್ಲ ಹೇಳಿದರು. ಆ ದಿನ ಅವರು ಬಹಳ ಖುಷಿಯಲ್ಲಿದ್ದರು. ಯಾರು ಯಾರು ಬಂದಿದ್ದರು, ಯಾರು ಎಷ್ಟು ಅತ್ತರು ಎಂದು ರಾತ್ರಿ ಊಟದ ಹೊತ್ತಿಗೂ ನನ್ನನ್ನು ಕೇಳುತ್ತಿದ್ದರು.

ತಮ್ಮನ ಕೂಡ ಮಾತು ಕೂಡಿಕೊಂಡ ಮೇಲೆ ಅವನಿಗಿಂತ ದೊಡ್ಡದು ತರುವ ಹಟಕ್ಕೆ ಅರ್ಥ ಉಳಿಯಲಿಲ್ಲ. ಆಳವಾಗಿ ನೇಗಿಲು ಹೊಡೆಯಲು ನನ್ನದೇ ಇದೆ, ನೀವು ಗಿಡದ ಸಾಲಿಗೆ ಹೊಂದುವುದು ತನ್ನಿರಿ ಎಂದು ಆ ದಾಯಾದಿಯೇ ಹೇಳಿದರು. ಹದಿನೆಂಟು ಎಚ್‌ಪಿಯ ಸಣ್ಣ ಟ್ರ್ಯಾಕ್ಟರ್ ಬಂತು. ಅತ್ತೆ ಅದಕ್ಕೆ ಆರತಿ ಎತ್ತಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟರು.

ಮಾವ ಮೊದಲ ಸುತ್ತು ಹೊಡೆದರು. ಕುಳಿತಾಗ ಮೊಣಕಾಲು ಎದೆಗೆ ಬರುತ್ತಿದ್ದವು, ಸ್ಟೇರಿಂಗ್ ಹೊಟ್ಟೆಗೆ ತಾಗುತ್ತಿತ್ತು. ಹಿಂದಿನಿಂದ ನೋಡಿದರೆ ಟ್ರ್ಯಾಕ್ಟರ್ ಕಾಣುತ್ತಿರಲಿಲ್ಲ, ಮಾವನೇ ತಾವಾಗಿ ಸಾಗಿದಂತೆ ಕಾಣುತ್ತಿತ್ತು. ಓಣಿಯ ಹುಡುಗಿಯರು ನಕ್ಕರು. ಮಾವ ಇಳಿದು, ಮೊಣಕಾಲು ನೋಯುತ್ತದೆ ಎಂದು ಹೇಳಿ ಒಳಗೆ ಹೋದರು. ನಮ್ಮ ಮನೆಯವರು ಹತ್ತಿದರು. ಗೇರು ಹಾಕಿದ ಕೂಡಲೇ ಅದು ಕುಪ್ಪಳಿಸಿತು. ಅವರು ಬ್ಯಾಂಕಿನ ಕೆಲಸ ನೆನಪಾಯಿತೆಂದು ಇಳಿದರು.

ಹಾಗೆ ಒಂದು ವಾರ ಟ್ರ್ಯಾಕ್ಟರ್ ಕೊಟ್ಟಿಗೆಯಲ್ಲಿ ನಿಂತಿತು. ಒಂದು ಮುಂಜಾನೆ ನಾನು ಹಿತ್ತಲಿಗೆ ಹೋದರೆ ಅತ್ತೆ ಇಳಕಲ್ ಸೀರೆಯನ್ನು ಕಚ್ಚೆ ಹಾಕಿ ಬಿಗಿಯಾಗಿ ಉಟ್ಟು ಸೀಟಿನ ಮೇಲೆ ಕೂತಿದ್ದರು. ಅವರ ಮೈದುನ, ಅದೇ ಪಕ್ಕದ ಹೊಲದ ದಾಯಾದಿ, ಪಕ್ಕದಲ್ಲಿ ನಿಂತು ಕ್ಲಚ್ಚು ಯಾವುದು, ಬ್ರೇಕು ಯಾವುದು ಎಂದು ತೋರಿಸುತ್ತಿದ್ದರು. ಐವತ್ತು ದಾಟಿದ ಹೆಂಗಸು. ಆ ಸೀಟು ಅವರ ಮೈಕಟ್ಟಿಗೆ ಅಳೆದು ಮಾಡಿದಂತಿತ್ತು.

ಕಲಿಯುವಾಗ ಬಚ್ಚಲಿನ ಗೋಡೆಯನ್ನು ಒಮ್ಮೆ ಕೆಡವಿದರು, ಅದು ಮೊದಲೇ ಸಡಿಲಾಗಿತ್ತು ಎಂದರು. ಆದರೆ ನಿಂಬೆಯ ಸಾಲಿನಲ್ಲಿ ಒಂದು ಎಲೆಯೂ ಉದುರದಂತೆ ಹೋಗಿ ಬಾವಿಯ ಹತ್ತಿರ ತಿರುವಿಕೊಂಡು ಬರುತ್ತಿದ್ದರು. ಮಾವ ಮುಂದೆ ಮುಂದೆ ನಡೆಯುತ್ತ, ಇಲ್ಲಿ ಕಲ್ಲಿದೆ, ಅಲ್ಲಿ ತಗ್ಗಿದೆ ಎಂದು ಕೋಲು ತೋರಿಸುತ್ತಿದ್ದರು. ಸುಗ್ಗಿಯಲ್ಲಿ ಕಬ್ಬು ಹೇರಿದ ಟ್ರೇಲರ್ ಕಟ್ಟಿ ಎಳೆಸಿದಾಗ ಟ್ರ್ಯಾಕ್ಟರಿನ ಮುಂದಿನ ಗಾಲಿಗಳು ಕುದುರೆಯ ಕಾಲಿನಂತೆ ಮೇಲೆದ್ದವು. ಅತ್ತೆ ಎಂಜಿನ್ ಬಂದ್ ಮಾಡಿ ಕೆಳಗಿಳಿದರು. ಇದಕ್ಕೇ ದೊಡ್ಡದು ಬೇಕಿತ್ತು ಎಂದು ಮಾವ ಆ ದಿನವೆಲ್ಲ ಸಿಕ್ಕಸಿಕ್ಕವರಿಗೆ ಹೇಳಿಕೊಂಡು ತಿರುಗಿದರು. ಅತ್ತೆ ಹೌದೆಂದು ಒಪ್ಪಿಕೊಂಡರು. ಟ್ರೇಲರನ್ನು ಮೈದುನನ ದೊಡ್ಡ ಟ್ರ್ಯಾಕ್ಟರ್ ಎಳೆಯಿತು.

ಮರು ವರ್ಷ ಅತ್ತೆ ನನ್ನನ್ನೂ ಹತ್ತಿಸಿದರು. ನಾನು ಬ್ರೇಕು ಎಂದುಕೊಂಡು ಬೇರೆ ಏನೋ ತುಳಿದು ಸೀದಾ ಜೋಳದ ಕಣಿಕಿಯ ಬಣವಿಯೊಳಗೆ ಹೊಕ್ಕೆ. ತಲೆಯ ಮೇಲೆಲ್ಲ ಕಣಿಕಿ, ಎಂಜಿನ್ ಇನ್ನೂ ಗುರುಗುಡುತ್ತಿದೆ, ಏನೂ ಕಾಣುತ್ತಿಲ್ಲ. ಹಿಂದಿನಿಂದ ಅತ್ತೆಯ ದನಿ ನೆಮ್ಮದಿಯಾಗಿಯೇ ಕೇಳಿಸಿತು.

"ಅಂಜಬ್ಯಾಡಬೇ. ಹೊಕ್ಕಿದ್ದು ಛಲೋ ಆತು. ಈಗ ಹಿಂದ ತಗೊಳ್ಳೂದು ಕಲಿ."